ಗ್ಯಾಸ್ ಕೊಟ್ಟರೆ ನಾಯಿಯ ಬಿಪಿ ಯಾಕೆ ಇಳಿಯುತ್ತದೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯ ಚಿನ್ನಿ ಹತ್ತು ವರ್ಷದ ಹೆಣ್ಣು ಸ್ಪಿಟ್ಜ್. ತೂಕ 9 ಕೆ.ಜಿ. ಮೂರು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದೆವು. ಆಗ ಗ್ಯಾಸ್ ಕೊಟ್ಟ ಮೇಲೆ ಬಿಪಿ 50ಕ್ಕೆ ಇಳಿದಿತ್ತಂತೆ, ಆಪರೇಷನ್ ಮಾಡಿದವರೇ ಹೇಳಿದರು. ಮನೆಗೆ ಬಂದ ಮೇಲೆ ಎರಡು ದಿನ ಮಂಕಾಗಿ ಮಲಗಿದ್ದಳು. ಈಗ ಮೊಲೆಯ ಸಾಲಿನಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿದೆ, ತೆಗೆಯಲೇಬೇಕು ಎನ್ನುತ್ತಾರೆ. ಈ ನಡುವೆ ಎದೆಯಲ್ಲಿ ಮರ್ಮರ್ ಶಬ್ದ ಇದೆ ಎಂದು ಎನಾಲಾಪ್ರಿಲ್ ಮಾತ್ರೆ ಶುರು ಮಾಡಿದ್ದಾರೆ. ನನ್ನ ಮಗಳು ಬಿ.ಫಾರ್ಮಾ ಓದುತ್ತಿದ್ದಾಳೆ. ಇಲಿಯ ರಕ್ತನಾಳದ ಮೇಲಿನ ಪ್ರಯೋಗಗಳನ್ನು ಓದಿ ತಲೆ ಕೆಡಿಸಿಕೊಂಡಿದ್ದಾಳೆ. ಒಂದು ಕಡೆ ಐಸೋಫ್ಲುರೇನ್ ಎಂಬ ಅರಿವಳಿಕೆ ಗ್ಯಾಸ್ ರಕ್ತನಾಳವನ್ನು ಸಡಿಲ ಮಾಡುತ್ತದೆ ಎಂದಿದೆಯಂತೆ, ಇನ್ನೊಂದು ಕಡೆ ಬಿಗಿ ಮಾಡುತ್ತದೆ ಎಂದಿದೆಯಂತೆ. ಪಕ್ಕದ ಮನೆಯವರು, "ಗ್ಯಾಸ್ ಬೇಡ, ಇಂಜೆಕ್ಷನ್‌ನಲ್ಲೇ ಮಾಡಿಸಿ, ಬಿಪಿ ಬೀಳಲ್ಲ" ಎನ್ನುತ್ತಾರೆ. ಇದರಲ್ಲಿ ಯಾವುದು ನಿಜ? ಆಪರೇಷನ್ ಮಾಡಿಸಲೋ ಬೇಡವೋ? (ಓದುಗರೊಬ್ಬರು, ಹಾಸನ)

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನಿಮ್ಮ ನಿಜವಾದ ಭಯ ಒಂದೇ ಅನಿಸಿತು. ಹೋದ ಸಲ ಸ್ವಲ್ಪದರಲ್ಲಿ ಪಾರಾದಳು, ಈ ಸಲ ವಯಸ್ಸೂ ಆಗಿದೆ, ಹೃದಯದ ತೊಂದರೆಯೂ ಇದೆ, ಟೇಬಲ್ ಮೇಲಿಂದ ಎದ್ದು ಬರುತ್ತಾಳಾ? ಈ ಭಯ ಸಹಜ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾಯಿ, ಬೆಕ್ಕುಗಳಿಗೆ ಅರಿವಳಿಕೆ ಕೊಡುವ ಕೆಲಸ ಮಾಡಿದ್ದೇನೆ. ಇವತ್ತಿಗೂ ಗ್ಯಾಸ್ ಶುರು ಮಾಡಿದ ಮೊದಲ ಹತ್ತು ನಿಮಿಷ ನಾನು ಯಾರ ಹತ್ತಿರವೂ ಹರಟೆ ಹೊಡೆಯುವುದಿಲ್ಲ.

ಮೊದಲು ಆ 50ರ ವಿಷಯ ನೋಡೋಣ. 50 ಅಂದರೆ ಯಾವ 50? ಬಿಪಿಯಲ್ಲಿ ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ, ಎರಡರ ನಡುವಿನ ಸರಾಸರಿ ಒತ್ತಡ ಎಂದು ಮೂರಿವೆ. ಅರಿವಳಿಕೆಯಲ್ಲಿ ನಾವು ಜಾಸ್ತಿ ನೋಡುವುದು ಸರಾಸರಿಯನ್ನು. ನಾಯಿಯಲ್ಲಿ ಅದು 60ರ ಕೆಳಗೆ ಹೋಗಬಾರದು, ಮೇಲಿನ ಸಂಖ್ಯೆ 90ರ ಆಸುಪಾಸಿನಲ್ಲಿರಬೇಕು ಎಂಬುದು ನಮ್ಮ ಲೆಕ್ಕ. ಸರಾಸರಿ 60ರ ಮೇಲಿದ್ದರೆ ಮೂತ್ರಪಿಂಡ ಮತ್ತು ಮೆದುಳು ತಮಗೆ ಬೇಕಾದ ರಕ್ತವನ್ನು ತಾವೇ ಹೇಗೋ ಹೊಂದಿಸಿಕೊಳ್ಳುತ್ತವೆ. ಅದರ ಕೆಳಗೆ ಹೋದರೆ ಆ ಶಕ್ತಿ ಕೈಕೊಡುತ್ತದೆ. ಚಿನ್ನಿಗೆ ಕೆಳಗಿನ ಸಂಖ್ಯೆ 50 ಇದ್ದಿದ್ದರೆ ಅದು ದೊಡ್ಡ ವಿಷಯವೇ ಅಲ್ಲ. ಸರಾಸರಿ 50 ಇದ್ದಿದ್ದರೆ ಏನಾದರೂ ಮಾಡಲೇಬೇಕಿತ್ತು. ಮೇಲಿನದೇ 50 ಆಗಿದ್ದರೆ ನಿಜಕ್ಕೂ ಗಂಭೀರ. ಇನ್ನೊಂದು ಸಾಧ್ಯತೆಯೂ ಇದೆ. ಕಾಲಿಗೆ ಸುತ್ತುವ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇ. 40ರಷ್ಟು ಇರಬೇಕು. 9 ಕೆ.ಜಿ.ಯ ನಾಯಿಗೆ ಲ್ಯಾಬ್ರಡಾರ್‌ನ ಪಟ್ಟಿ ಸುತ್ತಿದರೆ ಯಂತ್ರ ಕಡಿಮೆ ಬಿಪಿಯನ್ನೇ ತೋರಿಸುತ್ತದೆ. ಹಾಗಾಗಿ ಹಳೆಯ ಚೀಟಿ, ರಿಪೋರ್ಟ್ ಏನಿದ್ದರೂ ಹುಡುಕಿ ಹೊಸ ಡಾಕ್ಟರಿಗೆ ತೋರಿಸಿ. ಆ ಒಂದು ಕಾಗದ ನಿಮ್ಮ ನೆನಪಿಗಿಂತ ಹೆಚ್ಚು ಹೇಳುತ್ತದೆ.

ಈಗ ಮಗಳ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರಕ್ತನಾಳ ಅಂದರೆ ಸುಮ್ನೆ ಒಂದು ಪೈಪು ಅಲ್ಲ. ಅದರ ಗೋಡೆಯಲ್ಲಿ ಸ್ನಾಯು ಇದೆ, ಅದು ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಆ ಬಿಗಿ ಕ್ಯಾಲ್ಸಿಯಂನಿಂದ ಬರುತ್ತದೆ. ಜೀವಕೋಶದ ಹೊರಗಿನ ಕ್ಯಾಲ್ಸಿಯಂ ಪುಟ್ಟ ಬಾಗಿಲುಗಳ ಮೂಲಕ ಒಳಗೆ ಬರುತ್ತದೆ. ಜೊತೆಗೆ ಜೀವಕೋಶದೊಳಗಿನ ಉಗ್ರಾಣದಿಂದಲೂ ಒಂದಿಷ್ಟು ಹೊರಬೀಳುತ್ತದೆ. ಈ ಕ್ಯಾಲ್ಸಿಯಂ ಹೋಗಿ ಕ್ಯಾಲ್ಮೋಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಮಯೋಸಿನ್ ಎಳೆಗಳಿಗೆ 'ಎಳೆ' ಎನ್ನುತ್ತದೆ. ನಾಳ ಬಿಗಿಯಾಗುತ್ತದೆ. ಐಸೋಫ್ಲುರೇನ್, ಸೆವೋಫ್ಲುರೇನ್‌ನಂಥ ಗ್ಯಾಸುಗಳು ಈ ದಾರಿಯ ಒಂದೇ ಜಾಗದಲ್ಲಿ ಅಡ್ಡ ನಿಲ್ಲುವುದಿಲ್ಲ. ಬಾಗಿಲನ್ನು ಅರ್ಧ ಮುಚ್ಚುತ್ತವೆ. ಉಗ್ರಾಣದ ಲೆಕ್ಕವನ್ನು ಏರುಪೇರು ಮಾಡುತ್ತವೆ. ಇದ್ದಷ್ಟು ಕ್ಯಾಲ್ಸಿಯಂಗೆ ಎಳೆಗಳು ಸ್ಪಂದಿಸುವ ಚುರುಕನ್ನೂ ತಗ್ಗಿಸುತ್ತವೆ. ಪೊಟ್ಯಾಸಿಯಂ ಹೊರಹೋಗುವ ಕೆಲವು ದಾರಿಗಳನ್ನು ತೆರೆದು ಸ್ನಾಯುವನ್ನು ಶಾಂತಗೊಳಿಸುತ್ತವೆ. ಎಲ್ಲ ಸೇರಿದರೆ ನಾಳ ಸಡಿಲವಾಗುತ್ತದೆ.

ಹಾಗಾದರೆ 'ಬಿಗಿ ಮಾಡುತ್ತದೆ' ಎಂಬ ಪ್ರಬಂಧ ಸುಳ್ಳಾ? ಅಲ್ಲ. ಪ್ರಯೋಗ ಹೇಗೆ ಮಾಡುತ್ತಾರೆ ನೋಡಿ. ಇಲಿಯ ಅಥವಾ ಮೊಲದ ದೊಡ್ಡ ರಕ್ತನಾಳದಿಂದ ಮೂರ್ನಾಲ್ಕು ಮಿಲಿಮೀಟರ್ ಅಗಲದ ಬಳೆಯಂಥ ತುಂಡು ಕತ್ತರಿಸುತ್ತಾರೆ. ಎರಡು ಸಣ್ಣ ಕೊಕ್ಕೆಗೆ ಸಿಕ್ಕಿಸಿ, 37 ಡಿಗ್ರಿ ಬಿಸಿಯ ಉಪ್ಪುನೀರಿನಲ್ಲಿ ತೂಗು ಹಾಕುತ್ತಾರೆ. ಅದಕ್ಕೆ ಶೇ. 95 ಆಮ್ಲಜನಕ, ಶೇ. 5 ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಡುತ್ತಾರೆ. ಫಿನೈಲ್‌ಎಫ್ರಿನ್ ಹನಿಸಿದರೆ ಬಳೆ ಬಿಗಿಯಾಗಿ ಕೊಕ್ಕೆಯನ್ನು ಎಳೆಯುತ್ತದೆ. ಆಮೇಲೆ ಆ ಗುಳ್ಳೆಯ ಜೊತೆ ಐಸೋಫ್ಲುರೇನ್ ಬಿಟ್ಟರೆ ಎಳೆತ ಇಳಿಯುತ್ತದೆ. ಮಗಳ ಕಾಲೇಜಿನಲ್ಲಿ ಇದನ್ನು ಕಂಪ್ಯೂಟರ್ ಪರದೆಯ ಮೇಲಷ್ಟೇ ತೋರಿಸಿರಬಹುದು, ಈಗ ಬಹಳ ಕಡೆ ಹಾಗೇ.

ಉತ್ತರ ಬದಲಾಗುವುದು ಪ್ರಯೋಗದ ಸಣ್ಣ ಸಣ್ಣ ವಿವರಗಳಲ್ಲಿ. ಗ್ಯಾಸ್ ತಗುಲಿದ ಮೊದಲ ಕ್ಷಣದಲ್ಲಿ ಉಗ್ರಾಣದ ಕ್ಯಾಲ್ಸಿಯಂ ಸ್ವಲ್ಪ ಸೋರುತ್ತದೆ, ಆಗ ನಾಳ ಒಂದು ಸಲ ಬಿಗಿಯಾಗಬಹುದು. ಆಮೇಲೆ ಉಗ್ರಾಣ ಬರಿದಾಗುತ್ತದೆ, ಬಾಗಿಲೂ ಅರ್ಧ ಮುಚ್ಚಿರುತ್ತದೆ, ನಾಳ ಸಡಿಲವಾಗುತ್ತದೆ. ಯಾವ ನಿಮಿಷದಲ್ಲಿ ಅಳೆದರು ಎಂಬುದೇ ಉತ್ತರವನ್ನು ಬದಲಾಯಿಸುತ್ತದೆ. ನಾಳದ ಒಳಗಿನ ತೆಳು ಪದರ ಇತ್ತಾ, ಉಜ್ಜಿ ಹೋಗಿತ್ತಾ ಎಂಬುದೂ ಅಷ್ಟೇ ಮುಖ್ಯ. ಇಲ್ಲೊಂದು ಕಥೆ ಹೇಳಲೇಬೇಕು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಅವರ ಪ್ರಯೋಗಾಲಯದಲ್ಲಿ ಮೊಲದ ರಕ್ತನಾಳಕ್ಕೆ ಅಸಿಟೈಲ್‌ಕೋಲಿನ್ ಹಾಕಿದರೆ ಒಮ್ಮೆ ಬಿಗಿಯಾಗುತ್ತಿತ್ತು, ಒಮ್ಮೆ ಸಡಿಲವಾಗುತ್ತಿತ್ತು. ಕಾರಣ ಹುಡುಕಿದರೆ, ತುಂಡು ಮಾಡುವಾಗ ಒಳಪದರ ಉಜ್ಜಿ ಹೋಗಿದ್ದರೆ ಅದು ಸಡಿಲವಾಗುತ್ತಿರಲಿಲ್ಲ. 1980ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಒಳಪದರ ಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂದು ಆಮೇಲೆ ಗೊತ್ತಾಯಿತು. 1998ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅರಿವಳಿಕೆ ಗ್ಯಾಸುಗಳು ಈ ಒಳಪದರದ ಸಡಿಲಿಸುವ ಕೆಲಸವನ್ನೂ ಸ್ವಲ್ಪ ತಡೆಯುತ್ತವೆ. ಅಂದರೆ ಸ್ನಾಯುವನ್ನು ಒಂದು ಕೈಯಲ್ಲಿ ಸಡಿಲಿಸಿ, ಇನ್ನೊಂದು ಕೈಯಲ್ಲಿ ಸಡಿಲಿಸುವವನಿಗೇ ಅಡ್ಡ ಬರುತ್ತವೆ. ಯಾವುದನ್ನು ಅಳೆಯುತ್ತೀರೋ ಅದು ಕಾಣುತ್ತದೆ.

ಆದರೆ ಚಿನ್ನಿ ಉಪ್ಪುನೀರಿನಲ್ಲಿ ನೇತುಹಾಕಿದ ಬಳೆ ಅಲ್ಲ. ಅವಳೊಳಗೆ ನರಗಳಿವೆ. ಬಿಪಿ ಇಳಿದರೆ ಕುತ್ತಿಗೆಯ ರಕ್ತನಾಳದಲ್ಲಿರುವ ಸೂಕ್ಷ್ಮ ತುದಿಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳು ಹೃದಯವನ್ನು ಓಡಿಸುತ್ತದೆ, ನಾಳಗಳನ್ನು ಬಿಗಿ ಮಾಡುತ್ತದೆ. ನಾವು ಥಟ್ಟನೆ ಎದ್ದು ನಿಂತಾಗ ತಲೆ ಸುತ್ತಿ ಬೀಳದಿರುವುದು ಇದರಿಂದಲೇ. ಗ್ಯಾಸ್ ಈ ಕಾವಲುಗಾರನನ್ನೂ ಅರೆನಿದ್ದೆಗೆ ತಳ್ಳುತ್ತದೆ. ಅಲ್ಲದೆ ಬಿಪಿಯನ್ನು ತೀರ್ಮಾನಿಸುವುದು ಪ್ರಯೋಗದಲ್ಲಿ ಬಳಸುವ ದೊಡ್ಡ ನಾಳಕ್ಕಿಂತ ಜಾಸ್ತಿ, ಕೂದಲೆಳೆಯಂಥ ಸಣ್ಣ ನಾಳಗಳು. ಅಲ್ಲಿ ಲೆಕ್ಕ ಬಹಳ ಕಟುವಾಗಿದೆ. ನಾಳದ ತ್ರಿಜ್ಯ ಶೇ. 10ರಷ್ಟು ಅಗಲವಾದರೆ ಸಾಕು, ಅದರ ತಡೆ ಸುಮಾರು ಶೇ. 32ರಷ್ಟು ಕುಸಿಯುತ್ತದೆ. ಹೃದಯ ಮೊದಲಿನಷ್ಟೇ ಪಂಪ್ ಮಾಡುತ್ತಿದ್ದರೂ ಬಿಪಿ ಇಳಿಯುತ್ತದೆ. ಬಾವಿಯ ಮೋಟರ್ ಅದೇ, ಆದರೆ ತೋಟದ ಎಲ್ಲ ಕವಲಿನ ನಲ್ಲಿಗಳನ್ನು ಒಟ್ಟಿಗೆ ತೆರೆದ ಹಾಗೆ.

ಹಾಗಾಗಿ ಮಗಳಿಗೆ ಹೇಳಿ: ಎರಡೂ ಪ್ರಬಂಧಗಳು ಸರಿ ಇರಬಹುದು. ಆದರೆ ಟೇಬಲ್ ಮೇಲಿನ ಇಡೀ ನಾಯಿಯಲ್ಲಿ ಕೊನೆಗೆ ಕಾಣುವುದು ಸಡಿಲವೇ. ಅದೂ ಗ್ಯಾಸ್ ಹೆಚ್ಚಿಸಿದಷ್ಟೂ ಹೆಚ್ಚು. ಈ 'ಹೆಚ್ಚಿಸಿದಷ್ಟೂ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಚಿನ್ನಿಯ ವಿಷಯದಲ್ಲಿ ಎಲ್ಲ ಅದರ ಮೇಲೇ ನಿಂತಿದೆ.

ನಾನು ಕಲಿಯುವಾಗ ಹ್ಯಾಲೋಥೇನ್ ಕಾಲ. 1956ರಲ್ಲಿ ಮನುಷ್ಯರಿಗೆ ಬಳಸಲು ಶುರುವಾದ ಆ ಗ್ಯಾಸ್ ನಮ್ಮ ಪ್ರಾಣಿ ಆಸ್ಪತ್ರೆಗಳಲ್ಲಿ ಬಹಳ ವರ್ಷ ಉಳಿದಿತ್ತು. ಸಿಹಿ ವಾಸನೆ. ಅದರಲ್ಲೂ ಬಿಪಿ ಇಳಿಯುತ್ತಿತ್ತು. ಆದರೆ ಅದು ಇಳಿಸುತ್ತಿದ್ದದ್ದು ಮುಖ್ಯವಾಗಿ ಹೃದಯದ ಬಲವನ್ನು ಕುಗ್ಗಿಸಿ. ಜೊತೆಗೆ ಬಡಿತ ತಪ್ಪುವ ಕಾಟ. ಐಸೋಫ್ಲುರೇನ್ ಮುಖ್ಯವಾಗಿ ನಾಳವನ್ನು ಸಡಿಲಿಸುತ್ತದೆ, ಸಾಧಾರಣ ಪ್ರಮಾಣದಲ್ಲಿ ಹೃದಯದ ಪಂಪನ್ನು ಅಷ್ಟಾಗಿ ಕೆಡಿಸುವುದಿಲ್ಲ. ಮಾನಿಟರ್ ಮೇಲೆ ಎರಡೂ ಒಂದೇ ಸಂಖ್ಯೆ ತೋರಿಸಬಹುದು, ನಾಯಿಯೊಳಗೆ ನಡೆಯುವುದು ಬೇರೆ. ಐಸೋಫ್ಲುರೇನ್‌ನಲ್ಲಿರುವ ನಾಯಿಯ ಒಸಡು ಸಾಮಾನ್ಯವಾಗಿ ಗುಲಾಬಿಯಾಗಿಯೇ ಇರುತ್ತದೆ, ಬೆರಳಿಂದ ಒತ್ತಿ ಬಿಟ್ಟರೆ ಬೇಗ ಬಣ್ಣ ಮರಳುತ್ತದೆ. ಒತ್ತಡ ಕಡಿಮೆ, ಆದರೆ ರಕ್ತ ಓಡುತ್ತಿದೆ.

ಪಕ್ಕದ ಮನೆಯವರ ಮಾತಿನ ಸಮಸ್ಯೆ ಇರುವುದು ಇಲ್ಲೇ. ನಮ್ಮಲ್ಲಿ 'ಇಂಜೆಕ್ಷನ್‌ನಲ್ಲೇ' ಅಂದರೆ ಬಹಳ ಸಲ ಜೈಲಜಿನ್ ಮತ್ತು ಕೆಟಮಿನ್. ಜೈಲಜಿನ್ ಮೊದಲು ರಕ್ತನಾಳಗಳನ್ನು ಬಿಗಿಯಾಗಿ ಹಿಸುಕುತ್ತದೆ. ಬಿಪಿ ಏರುತ್ತದೆ. ಹೃದಯ ಅದಕ್ಕೆ ಹೆದರಿ ನಿಧಾನವಾಗುತ್ತದೆ, ಪಂಪ್ ಮಾಡುವ ರಕ್ತವೂ ಕಡಿಮೆಯಾಗುತ್ತದೆ. ಒಸಡು ಬಿಳುಚುತ್ತದೆ. ಮಾನಿಟರ್‌ನಲ್ಲಿ ಚೆಂದದ ಬಿಪಿ, ಅಂಗಾಂಗಗಳಿಗೆ ಕಡಿಮೆ ರಕ್ತ. ನಲ್ಲಿಯ ಬಾಯಿಗೆ ಬೆರಳು ಅಡ್ಡ ಇಟ್ಟರೆ ನೀರು ಜೋರಾಗಿ ಚಿಮ್ಮುತ್ತದೆ, ಕೊಡ ಮಾತ್ರ ತುಂಬುವುದಿಲ್ಲ, ಅಲ್ವಾ? ಗಟ್ಟಿಮುಟ್ಟಾದ ಎರಡು ವರ್ಷದ ನಾಯಿ ಇದನ್ನು ತಡೆದುಕೊಳ್ಳುತ್ತದೆ. ಹೃದಯದ ಕವಾಟ ಸೋರುವ ಹತ್ತು ವರ್ಷದ ನಾಯಿಗೆ ನಾನು ಜೈಲಜಿನ್ ಕೊಡುವುದಿಲ್ಲ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಕಾಣುತ್ತಿಲ್ಲ. ಜೈಲಜಿನ್ ಕೆಟ್ಟ ಔಷಧ ಅಂತಲ್ಲ, ಹಳ್ಳಿಯಲ್ಲಿ ಹಸುವಿನ ಕೆಲಸ ಅದಿಲ್ಲದೆ ನಡೆಯುವುದೇ ಇಲ್ಲ. ಹಸುವಿಗೆ ಕುದುರೆಯ ಹತ್ತನೇ ಒಂದು ಭಾಗ ಸಾಕು, ಅಷ್ಟು ಚುರುಕು ಅದು.

ಗ್ಯಾಸ್ ಬಿಟ್ಟು, ರಕ್ತನಾಳಕ್ಕೆ ಕೊಟ್ಟು ಪ್ರಜ್ಞೆ ತಪ್ಪಿಸುವ ಪ್ರೊಪೋಫಾಲನ್ನೇ ಸತತವಾಗಿ ಡ್ರಿಪ್‌ನಂತೆ ಕೊಡುವ ದಾರಿಯೂ ಇದೆ. ಪಂಪ್ ಬೇಕು, ಅಭ್ಯಾಸ ಇರುವವರು ಬೇಕು. ಆದರೆ ಪ್ರೊಪೋಫಾಲ್ ಕೂಡ ರಕ್ತನಾಳ ಸಡಿಲಿಸುತ್ತದೆ, ಉಸಿರನ್ನೂ ನಿಲ್ಲಿಸಬಹುದು. ಬಿಪಿ ಬೀಳಬಾರದು ಎಂಬ ಒಂದೇ ಕಾರಣಕ್ಕೆ ಆ ಕಡೆ ಹೋಗುವುದರಲ್ಲಿ ಅರ್ಥವಿಲ್ಲ. ಗ್ಯಾಸಿನ ದೊಡ್ಡ ಅನುಕೂಲ ಏನು ಗೊತ್ತಾ? ಜಾಸ್ತಿ ಆಯಿತು ಅನಿಸಿದರೆ ಗುಂಡಿ ತಿರುಗಿಸಬಹುದು, ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಮಾಂಸಖಂಡಕ್ಕೆ ಚುಚ್ಚಿದ ಔಷಧವನ್ನು ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ.

ಆ ಗುಂಡಿಯ ಬಗ್ಗೆ ಒಂದು ಹಳೆಯ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಡ್ಯಾಶ್‌ಹೌಂಡ್ ಟೇಬಲ್ ಮೇಲಿತ್ತು. ಸರಾಸರಿ ಬಿಪಿ 45. ನಾನು ಡ್ರಿಪ್ ಜೋರು ಮಾಡಿದೆ. ಏರಲಿಲ್ಲ. ಇನ್ನಷ್ಟು ಜೋರು ಮಾಡಿದೆ. ಬಿಪಿ ಏರಿಸುವ ಡೋಪಮಿನ್ ತರಿಸಿದೆ, ಪ್ರಮಾಣದ ಲೆಕ್ಕ ಹಾಕುತ್ತಾ ಕೂತೆ. ಹಿರಿಯರೊಬ್ಬರು ಒಳಗೆ ಬಂದರು. ಮಾನಿಟರ್ ನೋಡಿದರು, ನನ್ನ ಮುಖ ನೋಡಿದರು, ಮಾತೇ ಆಡದೆ, ಗ್ಯಾಸಿನ ಪ್ರಮಾಣ ಹೊಂದಿಸುವ ವೇಪರೈಸರ್‌ನ ಗುಂಡಿಯನ್ನು ಶೇ. 3ರಿಂದ ಒಂದೂವರೆಗೆ ತಿರುಗಿಸಿ ಹೊರಟುಹೋದರು. ಐದಾರು ನಿಮಿಷದಲ್ಲಿ ಬಿಪಿ 65. ನಾನು ತೊಟ್ಟಿಯ ನಲ್ಲಿ ಮುಚ್ಚದೆ ನೀರು ಸುರಿಯುತ್ತಿದ್ದೆ, ಅಷ್ಟೇ. ನಾಯಿ ಚೆನ್ನಾಗಿಯೇ ಎದ್ದಿತು. ನನಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

3 ಎಂದರೆ ಎಷ್ಟು ಹೆಚ್ಚು ಎಂದು ಕೇಳಬಹುದು. ನೋವಿನ ಪ್ರಚೋದನೆ ಕೊಟ್ಟಾಗ ನೂರರಲ್ಲಿ ಐವತ್ತು ನಾಯಿಗಳು ಅಲುಗಾಡದಿರಲು ಉಸಿರಿನಲ್ಲಿ ಬೇಕಾದ ಐಸೋಫ್ಲುರೇನ್ ಸುಮಾರು ಶೇ. 1.3. ಬೆಕ್ಕಿಗೆ ಸುಮಾರು 1.6. ಸೆವೋಫ್ಲುರೇನ್ ಆದರೆ ನಾಯಿಗೆ 2.3ರ ಆಸುಪಾಸು. ವಯಸ್ಸಾದ ಹಾಗೆ ಈ ಅಗತ್ಯ ಕಡಿಮೆಯಾಗುತ್ತದೆ. ಮೈ ತಣ್ಣಗಾದರೂ ಕಡಿಮೆಯಾಗುತ್ತದೆ. ಅಂದರೆ ಚಿನ್ನಿಗೆ ಎಳೆಯ ನಾಯಿಗಿಂತ ಕಡಿಮೆ ಗ್ಯಾಸ್ ಸಾಕು, ಆದರೆ ಗುಂಡಿ ಅಭ್ಯಾಸಬಲದಿಂದ ಎಲ್ಲರಿಗೂ ಒಂದೇ ಕಡೆ ನಿಂತಿರುತ್ತದೆ. ನೀವು 'ಸೆವೋಫ್ಲುರೇನ್ ದುಬಾರಿ, ಅದು ಸೇಫ್ ಅಂತೆ, ಅದನ್ನೇ ಹಾಕಿಸಲಾ' ಎಂದು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ಬೇಗ ಹತ್ತುತ್ತದೆ, ಬೇಗ ಇಳಿಯುತ್ತದೆ. ರಕ್ತನಾಳದ ಮಟ್ಟಿಗೆ ಎರಡೂ ಅಣ್ಣತಮ್ಮಂದಿರೇ. ಆ ದುಡ್ಡನ್ನು ಒಳ್ಳೆಯ ನೋವಿನ ಔಷಧಕ್ಕೆ ಹಾಕಿ.

ಯಾಕೆಂದರೆ ಗ್ಯಾಸ್ ಕಡಿಮೆ ಮಾಡಲು ಇರುವ ದಾರಿಯೇ ನೋವನ್ನು ಮೊದಲೇ ಹಿಡಿಯುವುದು. ಗ್ಯಾಸ್ ಪ್ರಜ್ಞೆ ತಪ್ಪಿಸುತ್ತದೆ, ನೋವಿನ ಔಷಧದ ಕೆಲಸ ಮಾಡುವುದಿಲ್ಲ. ನೋವಿಗೆ ನಾಯಿ ಅಲುಗಾಡಿತು ಎಂದು ಗ್ಯಾಸ್ ಏರಿಸಿದರೆ ನಾಳ ಸಡಿಲ, ಬಿಪಿ ಇಳಿತ. ಅದರ ಬದಲು ಮೊದಲೇ ಬ್ಯುಟಾರ್ಫನಾಲ್ ಅಥವಾ ಫೆಂಟನಿಲ್ ತರಹದ ಔಷಧ ಕೊಟ್ಟು, ಗಂಟು ತೆಗೆಯುವ ಜಾಗದ ಸುತ್ತ ಲಿಗ್ನೋಕೇನ್ ಅಥವಾ ಬುಪಿವಕೇನ್ ತುಂಬಿ ಮರಗಟ್ಟಿಸಿದರೆ, ಶೇ. ಒಂದಕ್ಕಿಂತ ಕಡಿಮೆ ಪ್ರಮಾಣದ ಗ್ಯಾಸಿನಲ್ಲೇ ಕೆಲಸ ಮುಗಿಯಬಹುದು. ಮೊಲೆಯ ಗಂಟಿನ ಆಪರೇಷನ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ, ಎಲ್ಲ ಚರ್ಮದ ಕೆಳಗೇ ಇರುತ್ತದೆ. ಇದಕ್ಕೂ ಅಪಾಯವಿದೆ. ಸಣ್ಣ ನಾಯಿಗೆ ಮರಗಟ್ಟಿಸುವ ಔಷಧ ಲೆಕ್ಕ ತಪ್ಪಿ ಹೆಚ್ಚಾದರೆ ಫಿಟ್ಸ್ ಬರಬಹುದು, ಹೃದಯಕ್ಕೂ ತೊಂದರೆ. ತೂಕ ನೋಡಿ ಮಿಲಿಗ್ರಾಂ ಬರೆದಿಟ್ಟುಕೊಂಡೇ ಸಿರಿಂಜಿಗೆ ಎಳೆಯಬೇಕು. ಬೆನ್ನುಹುರಿಯ ಸುತ್ತ ಕೊಡುವ ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಿದರೆ, ಅದರಿಂದ ಹಿಂಭಾಗದ ರಕ್ತನಾಳಗಳು ಇನ್ನೂ ಸಡಿಲವಾಗುತ್ತವೆ ಎಂಬುದು ನೆನಪಿರಲಿ. ಚಿನ್ನಿಗೆ ನಾನು ಅದನ್ನು ಮೊದಲು ಆರಿಸುವುದಿಲ್ಲ.

ಈಗ ಹೃದಯದ ಮರ್ಮರ್. ಕೇಳಿ ಆಶ್ಚರ್ಯವಾಗಬಹುದು, ಸ್ವಲ್ಪ ಸಡಿಲವಾದ ರಕ್ತನಾಳ ಚಿನ್ನಿಗೆ ಸಹಾಯವೇ ಮಾಡಬಹುದು. ಈ ವಯಸ್ಸಿನ ಸಣ್ಣ ತಳಿಯ ನಾಯಿಗಳಲ್ಲಿ ಮರ್ಮರ್ ಅಂದರೆ ಬಹುತೇಕ ಮೈಟ್ರಲ್ ಕವಾಟ ಸೋರುತ್ತಿದೆ ಎಂದರ್ಥ. ಹೃದಯ ಹಿಸುಕಿದಾಗ ರಕ್ತಕ್ಕೆ ಎರಡು ದಾರಿ, ಮುಂದಕ್ಕೆ ಮೈಗೆ ಅಥವಾ ಹಿಂದಕ್ಕೆ ಸೋರುವ ಕವಾಟದ ಮೂಲಕ. ಮುಂದಿನ ದಾರಿ ಬಿಗಿಯಾಗಿದ್ದರೆ ಹಿಂದಕ್ಕೆ ಜಾಸ್ತಿ ಹೋಗುತ್ತದೆ. ಮುಂದೆ ಸ್ವಲ್ಪ ಸಡಿಲವಿದ್ದರೆ ಮುಂದಕ್ಕೇ ಹರಿಯುತ್ತದೆ. ಅವಳಿಗೆ ಕೊಡುತ್ತಿರುವ ಎನಾಲಾಪ್ರಿಲ್ ಕೂಡ ಇದೇ ತತ್ವದ ಮೇಲೆ ನಾಳ ಸಡಿಲಿಸುತ್ತದೆ. ಜೈಲಜಿನ್ ಬೇಡ ಎಂದದ್ದು ಯಾಕೆ ಎಂದು ಈಗ ಇನ್ನಷ್ಟು ಸ್ಪಷ್ಟವಾಗಿರಬೇಕು. ಇದೇ ಮಾತು ಎಲ್ಲ ಹೃದಯಕ್ಕೂ ಹೊಂದುವುದಿಲ್ಲ. ಹೃದಯದ ಗೋಡೆ ದಪ್ಪವಾದ ಬೆಕ್ಕುಗಳಿಗೆ ನಾಳ ಸಡಿಲವಾಗುವುದು ಒಳ್ಳೆಯದಲ್ಲ. ಆದ್ದರಿಂದ ಆಪರೇಷನ್‌ಗೆ ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಎದೆಯ ಎಕ್ಸ್‌ರೇ ಹೇಗಿದ್ದರೂ ಬೇಕು, ಗಂಟು ಶ್ವಾಸಕೋಶಕ್ಕೆ ಹರಡಿದೆಯಾ ಎಂದು ನೋಡಲು. ಅದರಲ್ಲೇ ಹೃದಯದ ಗಾತ್ರವೂ ಕಾಣುತ್ತದೆ. ರಕ್ತದ ಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ನೋಡಲಿ.

ಎನಾಲಾಪ್ರಿಲ್ ವಿಷಯದಲ್ಲಿ ಎಚ್ಚರ ಬೇಕು. ಮಾತ್ರೆ ಸಡಿಲಿಸಿದ ನಾಳವನ್ನು ಗ್ಯಾಸ್ ಇನ್ನಷ್ಟು ಸಡಿಲಿಸುತ್ತದೆ. ಬಿಪಿ ಇಳಿದಾಗ ದೇಹ ತಾನೇ ಚೇತರಿಸಿಕೊಳ್ಳುವ ಒಂದು ದಾರಿಯನ್ನೂ ಈ ಮಾತ್ರೆ ಮುಚ್ಚಿರುತ್ತದೆ. ಅದಕ್ಕೆ ಬಹಳ ಜನ ಅರಿವಳಿಕೆಯವರು ಆಪರೇಷನ್ ದಿನ ಬೆಳಗಿನ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಎಲ್ಲರೂ ಅಲ್ಲ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ಮಾತ್ರೆ ಕೊಟ್ಟಿದ್ದರೆ ಬೆಳಿಗ್ಗೆ ಮರೆಯದೆ ತಿಳಿಸಿ.

ಬಿಪಿ ಬಿದ್ದರೆ ಏನು ಮಾಡುತ್ತಾರೆ ಎಂದೂ ತಿಳಿದಿರಲಿ. ಮೊದಲು ಗ್ಯಾಸ್ ಇಳಿಸುವುದು. ಹೃದಯ ತೀರಾ ನಿಧಾನವಾಗಿದ್ದರೆ ಅಟ್ರೋಪಿನ್ ತರಹದ್ದು. ಆಮೇಲೆ ಡ್ರಿಪ್. ಆರೋಗ್ಯವಂತ ನಾಯಿಗೆ ಅರಿವಳಿಕೆಯಲ್ಲಿ ಗಂಟೆಗೆ ಕೆ.ಜಿ.ಗೆ 5 ಮಿ.ಲೀ.ಯಿಂದ ಶುರು ಮಾಡುತ್ತೇವೆ, ಚಿನ್ನಿಯಂಥ ಹೃದಯದವಳಿಗೆ ಅದಕ್ಕಿಂತ ಕಡಿಮೆ. 'ಬಿಪಿ ಇಲ್ಲ, ಡ್ರಿಪ್ ಬಿಡಿ' ಎಂಬ ಹಳೆಯ ಅಭ್ಯಾಸ ಇವಳಿಗೆ ಅಪಾಯ. ಸಡಿಲವಾದ ನಾಳಕ್ಕೆ ನೀರು ಸುರಿದರೆ ಅದು ಕೊನೆಗೆ ಶ್ವಾಸಕೋಶದಲ್ಲಿ ಸೇರಬಹುದು. ಇಷ್ಟಕ್ಕೂ ಬಗ್ಗದಿದ್ದರೆ ನಾರ್‌ಎಪಿನೆಫ್ರಿನ್ ಅಥವಾ ಡೋಪಮಿನ್ ಹನಿಹನಿಯಾಗಿ. ಗ್ಯಾಸ್ ಸಡಿಲಿಸಿದ ನಾಳವನ್ನು ಇವು ಬೇರೆ ಬಾಗಿಲಿನಿಂದ ಹೋಗಿ ಮತ್ತೆ ಬಿಗಿ ಮಾಡುತ್ತವೆ. ಆದರೆ ಗ್ಯಾಸ್ ಜಾಸ್ತಿ ಇದ್ದಾಗ ಇವುಗಳ ಕೈಯೂ ಕಟ್ಟಿದ ಹಾಗಿರುತ್ತದೆ.

ಇಷ್ಟೆಲ್ಲ ಅಪಾಯ ಕೇಳಿ ಆಪರೇಷನ್ನೇ ಬೇಡ ಅನಿಸಬಹುದು. ಲೆಕ್ಕ ಕೇಳಿ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಅರಿವಳಿಕೆ ಪಡೆದ ಸುಮಾರು 98,000 ನಾಯಿಗಳನ್ನು ಗಮನಿಸಿದ ದೊಡ್ಡ ಅಧ್ಯಯನವಿದೆ. ಆರೋಗ್ಯವಂತ ನಾಯಿಗಳಲ್ಲಿ ಸಾವು ಸುಮಾರು 2,000ಕ್ಕೆ ಒಂದು. ಕಾಯಿಲೆ ಇದ್ದವುಗಳಲ್ಲಿ ಸುಮಾರು 75ಕ್ಕೆ ಒಂದು. ಆ ಎರಡನೆಯ ಗುಂಪಿನಲ್ಲಿ ಸಾಯುವ ಸ್ಥಿತಿಯಲ್ಲೇ ಟೇಬಲ್ ಹತ್ತಿದ ನಾಯಿಗಳೂ ಸೇರಿವೆ. ಚಿನ್ನಿಗೆ ಹೃದಯದ ಶಬ್ದ ಇದ್ದರೂ ಓಡಾಡಿಕೊಂಡು, ಉಂಡುಕೊಂಡು ಇದ್ದಾಳೆ ಎಂದರೆ ಅವಳು ಈ ಎರಡರ ನಡುವೆ ಎಲ್ಲೋ ಬರುತ್ತಾಳೆ. ಇನ್ನೊಂದು ತಟ್ಟೆಯಲ್ಲಿ ಗಂಟು. ನಾಯಿಗಳ ಮೊಲೆಯ ಗಂಟುಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್. 3 ಸೆಂ.ಮೀ.ಗಿಂತ ಚಿಕ್ಕದಿರುವಾಗ ತೆಗೆದರೆ ಮುಂದಿನ ದಾರಿ ಹೆಚ್ಚು ಚೆನ್ನಾಗಿರುತ್ತದೆ. ನಿಂಬೆಹಣ್ಣಿನಷ್ಟು ಎಂದಿದ್ದೀರಿ, ಅಂದರೆ ಈಗಲೇ ಆ ಗೆರೆಯ ಹತ್ತಿರ ಇದೆ ಅಥವಾ ದಾಟಿದೆ. ಶ್ವಾಸಕೋಶ ಸ್ವಚ್ಛವಾಗಿದ್ದು, ಎಕೋದಲ್ಲಿ ಹೃದಯ ತೀರಾ ಹಿಗ್ಗಿಲ್ಲ ಎಂದಾದರೆ ನಾನು ಆಪರೇಷನ್ ಮಾಡಿಸಿ ಎನ್ನುತ್ತೇನೆ, ತಿಂಗಳುಗಟ್ಟಲೆ ಕಾಯಬೇಡಿ. ಹೃದಯ ಹಿಗ್ಗಿ ಕೆಮ್ಮು, ಏದುಸಿರು ಶುರುವಾಗಿದ್ದರೆ ಮೊದಲು ಔಷಧದಿಂದ ಅದನ್ನು ಹತೋಟಿಗೆ ತಂದು ಆಮೇಲೆ ಯೋಚಿಸಬೇಕು. ಶ್ವಾಸಕೋಶದಲ್ಲಿ ಆಗಲೇ ಗಂಟುಗಳಿದ್ದರೆ ಚಾಕು ಹಿಡಿಯುವುದರಲ್ಲಿ ಅರ್ಥ ಕಡಿಮೆ.

ಎಲ್ಲಿ ಮಾಡಿಸಬೇಕು ಎಂಬುದಕ್ಕೆ ನಾನು ಹೆಸರು ಹೇಳುವುದಿಲ್ಲ. ನೀವು ಕೇಳಬೇಕಾದ್ದು ಹೇಳುತ್ತೇನೆ. ಚಾಕು ಹಿಡಿದವರನ್ನು ಬಿಟ್ಟು ಅರಿವಳಿಕೆ ನೋಡಿಕೊಳ್ಳಲೆಂದೇ ಇನ್ನೊಬ್ಬರು ಇರುತ್ತಾರಾ? ಬಿಪಿಯನ್ನು ಐದು ನಿಮಿಷಕ್ಕೊಮ್ಮೆ ಬರೆದಿಡುತ್ತಾರಾ? ಮೊದಲ ಪ್ರಶ್ನೆಗೆ 'ಇಲ್ಲ' ಎಂದರೆ ಯಂತ್ರ ಎಷ್ಟು ಹೊಸದಾದರೂ ನನಗೆ ಸಮಾಧಾನವಿಲ್ಲ. ಅರಿವಳಿಕೆ ಹತ್ತಿದ ಮೇಲೆ ಚಾಕು ಇಡುವವರೆಗಿನ ಹೊತ್ತು, ಕೂದಲು ಬೋಳಿಸಿ, ಔಷಧ ಹಚ್ಚಿ, ಬಟ್ಟೆ ಹೊದಿಸುವ ಹೊತ್ತು, ಅದೇ ಬಿಪಿ ಜಾಸ್ತಿ ಬೀಳುವ ಸಮಯ. ಮೊದಲು ಮಲಗಿಸಲು ಕೊಟ್ಟ ಪ್ರೊಪೋಫಾಲ್ ಇನ್ನೂ ಮೈಯಲ್ಲಿರುತ್ತದೆ, ಗ್ಯಾಸ್ ಏರಿರುತ್ತದೆ, ಎಬ್ಬಿಸಲು ನೋವೂ ಇರುವುದಿಲ್ಲ. ಆಗಲೇ ಎಲ್ಲರೂ ಬೇರೆ ಕೆಲಸದಲ್ಲಿರುತ್ತಾರೆ. ಹಾಸನದಲ್ಲೇ ಪಶುವೈದ್ಯ ಕಾಲೇಜಿದೆ. ನಿಮ್ಮ ಡಾಕ್ಟರ ಹತ್ತಿರ ಸೌಕರ್ಯ ಸಾಲದಿದ್ದರೆ ಅವರೇ ಅಲ್ಲಿಗೋ ಬೆಂಗಳೂರಿಗೋ ಬರೆದುಕೊಡುತ್ತಾರೆ. ಹಾಗೆ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ.

ಇನ್ನು ಆ ಎರಡು ದಿನದ ಮಂಕು. ಬಿಪಿ ಒಂದೇ ಕಾರಣ ಇರಲಿಕ್ಕಿಲ್ಲ. ನಾಳ ಸಡಿಲವಾದಾಗ ಹೊಟ್ಟೆಯ ಬಿಸಿರಕ್ತ ಚರ್ಮಕ್ಕೆ ಬರುತ್ತದೆ, ಬಿಸಿ ಹೊರಗೆ ಹೋಗುತ್ತದೆ. ಸಣ್ಣ ನಾಯಿ ಬೇಗ ತಣ್ಣಗಾಗುತ್ತದೆ. ತಣ್ಣಗಾದ ನಾಯಿಗೆ ಕಡಿಮೆ ಗ್ಯಾಸ್ ಸಾಕು, ಅದನ್ನು ಗಮನಿಸದಿದ್ದರೆ ಇದ್ದ ಗ್ಯಾಸೇ ಹೆಚ್ಚಾಗುತ್ತದೆ. ಏಳುವುದೂ ನಿಧಾನ. ಆಪರೇಷನ್ ಉದ್ದಕ್ಕೂ ಬೆಚ್ಚಗಿಡುತ್ತಾರಾ ಎಂದು ಕೇಳಿ. ಚಳಿಗಾಲವಾದರೆ ಮನೆಯಿಂದ ಒಂದು ಕಂಬಳಿ ತೆಗೆದುಕೊಂಡು ಹೋಗಿ.

ಅದೇ ಬ್ರಿಟನ್ನಿನ ಅಧ್ಯಯನದಲ್ಲಿ ಸತ್ತ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಸತ್ತದ್ದು ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಮೊದಲ ಮೂರು ಗಂಟೆಯೊಳಗೆ ಜಾಸ್ತಿ. ಆದ್ದರಿಂದ ಹೊಲಿಗೆ ಮುಗಿದ ಕೂಡಲೇ ಆಟೋ ಕರೆಯಬೇಡಿ. ಅವಳು ತಲೆಯೆತ್ತಿ, ನಿಮ್ಮ ದನಿಗೆ ಕಿವಿ ನಿಮಿರಿಸಿ, ಎದೆಯ ಮೇಲೆ ತಾನಾಗಿ ಕೂರುವವರೆಗೆ ಆಸ್ಪತ್ರೆಯಲ್ಲೇ ಇರಿ. ತುಟಿ ಸರಿಸಿ ಒಸಡು ನೋಡುತ್ತಿರಿ. ಗುಲಾಬಿ ಇದ್ದರೆ ಸರಿ. ಬಿಳುಚಿದರೆ, ಪಾದ ತಣ್ಣಗಾದರೆ, ಉಸಿರು ನಿಮಿಷಕ್ಕೆ 40 ದಾಟಿದರೆ, ಒಳಗೆ ಯಾರೇ ಊಟಕ್ಕೆ ಕೂತಿದ್ದರೂ ಕರೆಯಿರಿ.